ಘಟಿಕೋತ್ಸವದ ಪರಿಚಯ ಭಾಷಣ: ಒಂದು ವಿಮರ್ಶೆ

ಸಂಗೀತ ಕಚೇರಿಗೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಪುಸ್ತಕಕ್ಕಂತೂ ಉಂಟೇ ಉಂಟು. ಡಿಸೆಂಬರ್ ಬಂತೆಂದರೆ ನಮ್ಮ ಈ ಚೆನ್ನೈ ನಗರದಲ್ಲಿ ಯಾವ ವಿದ್ವಾಂಸರು ಯಾವ ಸಭೆಯಲ್ಲಿ ಯಾವ ರಾಗವನ್ನು ಹೇಗೆ ಹಾಡಿದರೆಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ವರ್ಷವಿಡೀ ನಾವೆಲ್ಲರೂ ಕೇಳುವ, ಕೇಳಿ ಮರೆಯುವ ಒಂದು ಕಲೆಗೆ ಮಾತ್ರ ವಿಮರ್ಶಕರು ಹುಟ್ಟಿದ ಹಾಗೆ ಕಾಣೆ. ಅದೇ ಅತಿಥಿಗಳ ಪರಿಚಯ ಭಾಷಣ. ಹತ್ತೊಂಬತ್ತನೆಯ ಶತಮಾನದ ಮದರಾಸು, ಮುಂಬಯಿ ವಿಶ್ವವಿದ್ಯಾನಿಲಯಗಳ ಘಟಿಕೋತ್ಸವ ಭಾಷಣಗಳನ್ನು ಒಟ್ಟುಮಾಡಿ ಪುಸ್ತಕವಾಗಿ ಅಚ್ಚು ಹಾಕಿದ್ದಾರೆ. ಭಾಷಣಕ್ಕೆ ಮುಂಚಿನ ಪರಿಚಯದ ಮಾತುಗಳನ್ನು ಹಾಗೆ ಕೂಡಿಹಾಕಿದ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಅಚ್ಚಾಗದ ಮಾತಿಗೆ ಹೊಣೆಯೂ ಇಲ್ಲವೆಂದು ನಾವು ತಿಳಿದುಕೊಂಡಂತಿದೆ.

ಇದನ್ನು ಬರೆಯಲು ಕಾರಣವಾದ ಪ್ರಸಂಗವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಈ ನಗರದ ಒಂದು ವಿದ್ಯಾಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿದಳು. ಸಂಸ್ಥೆಯ ಹೆಸರು ಬೇಡ. ಇನ್ನೆಷ್ಟೋ ಸಂಸ್ಥೆಗಳಿಗೂ ಇದೇ ಮಾತು ಸಲ್ಲುತ್ತದೆ. ನಾನೂ ಬಿ.ಎಸ್‌ಸಿ.ಯೇ. ಆದರೆ ನನ್ನ ಪದವಿಪತ್ರ ಬಂದದ್ದು ಅಂಚೆಯಲ್ಲಿ. ಕೆಲಸದ ಪರೀಕ್ಷೆಗಳ ಗಡಿಬಿಡಿ, ಊರಿಂದ ಹೋಗಿಬರುವ ಖರ್ಚು, ಗೌನಿನ ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕಿ, ಅರ್ಜಿಯಲ್ಲಿ ‘ಇನ್ ಆಬ್ಸೆನ್ಷಿಯಾ’ ಎಂದಿದ್ದ ಕಡೆ ಗುರುತು ಹಾಕಿದ್ದೆ. ರಿಜಿಸ್ಟರ್ಡ್ ಲಕೋಟೆ ಮನೆಗೆ ಬಂದ ದಿನ ಸಹಿ ಮಾಡಿ ತೆಗೆದುಕೊಂಡವರು ನನ್ನ ತಾಯಿ. ಮಗನ ಘಟಿಕೋತ್ಸವ ಅವರ ಪಾಲಿಗೆ ಅಷ್ಟಕ್ಕೇ ಮುಗಿಯಿತು.

ಆದ್ದರಿಂದ ಮೊಮ್ಮಗಳದ್ದನ್ನು ನೋಡಲೇಬೇಕೆಂದು ಎಪ್ಪತ್ತೈದು ವರ್ಷದ ಅವರು ತಿಪಟೂರಿನ ಕಡೆಯ ನಮ್ಮ ಹಳ್ಳಿಯಿಂದ ಬೆಂಗಳೂರಿಗೆ ಬಂದು, ತಮ್ಮ ಹತ್ತಿಸಿಕೊಟ್ಟ ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಕೊಬ್ಬರಿಯ ಚೀಲದೊಡನೆ ಸೆಂಟ್ರಲ್ ನಿಲ್ದಾಣದಲ್ಲಿ ಬಂದಿಳಿದರು. ಒಬ್ಬ ಪದವೀಧರರಿಗೆ ಎರಡೇ ಪಾಸು. ನನ್ನ ಹೆಂಡತಿ, “ಅತ್ತೆಯವರು ಹೋಗಲಿ, ನಾನು ಫೋಟೋದಲ್ಲಿ ನೋಡಿಕೊಳ್ಳುತ್ತೇನೆ” ಎಂದು ಮನೆಯಲ್ಲೇ ಉಳಿದಳು. ನಾನು ಕಚೇರಿಗೆ ಒಂದು ದಿನದ ಸಾಂದರ್ಭಿಕ ರಜೆ ಹಾಕಿದೆ.

ವೇದಿಕೆಯ ಮೇಲೆ ಮೂವರು ಅತಿಥಿಗಳು. ಒಬ್ಬೊಬ್ಬರನ್ನು ಪರಿಚಯಿಸಲು ಒಬ್ಬೊಬ್ಬ ಪ್ರಾಧ್ಯಾಪಕರು. ಗುಮಾಸ್ತನ ಅಭ್ಯಾಸ, ಕೈಗಡಿಯಾರ ನೋಡಿಕೊಂಡೆ. ಮೊದಲನೆಯ ಪರಿಚಯ 14 ನಿಮಿಷ, ಎರಡನೆಯದು 11, ಮುಖ್ಯ ಅತಿಥಿಗಳದ್ದು 17. ಒಟ್ಟು 42 ನಿಮಿಷ. ಮೂರನೆಯವರು ‘ಇವರಿಗೆ ಪರಿಚಯವೇ ಬೇಕಿಲ್ಲ’ ಎಂದು ಆರಂಭಿಸಿದವರು. ಹುಟ್ಟಿದ ಊರು, ಓದಿದ ಶಾಲೆ, ಹಿಡಿದ ಹುದ್ದೆಗಳು, ಹೋಗಿಬಂದ ದೇಶಗಳು, ಸದಸ್ಯರಾಗಿರುವ ಸಮಿತಿಗಳು, ಆ ಸಮಿತಿಗಳ ಉಪಸಮಿತಿಗಳು, ಒಂದೂ ಬಿಡದೆ ಓದಿದರು. ಕೊನೆಗೆ ಮುಖ್ಯ ಅತಿಥಿಗಳು ಎದ್ದಾಗ, ಕಾಲ ಮೀರಿದೆ ಎಂದು ತಾವೇ ಹೇಳಿ 12 ನಿಮಿಷದಲ್ಲಿ ಮುಗಿಸಿದರು. ಅಷ್ಟರಲ್ಲಿ ಹೇಳಿದ್ದು ಚೆನ್ನಾಗಿಯೇ ಇತ್ತು. ಅನಂತರ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ಸಮಯದ ಅಭಾವದಿಂದ ಪದಕ ಪಡೆದವರನ್ನು ಮಾತ್ರ ವೇದಿಕೆಗೆ ಕರೆಯಲಾಗುವುದು; ಉಳಿದ ಪದವೀಧರರು ಇದ್ದಲ್ಲಿಯೇ ಎದ್ದು ನಿಲ್ಲತಕ್ಕದ್ದು; ಪ್ರಮಾಣಪತ್ರಗಳನ್ನು ಟೋಕನ್ ತೋರಿಸಿ ಕೌಂಟರಿನಲ್ಲಿ ಪಡೆಯತಕ್ಕದ್ದು.

ನನ್ನ ತಾಯಿ ಕಿವಿಗೊಟ್ಟು ಕುಳಿತೇ ಇದ್ದರು. ಜನ ಏಳತೊಡಗಿದಾಗ ಕೇಳಿದರು: “ನಮ್ಮ ಹುಡುಗಿ ಹೆಸರು ಯಾವಾಗ ಕೂಗ್ತಾರೋ?”

“ಕೂಗಲ್ಲವಂತೆ ಅಮ್ಮ. ಎಲ್ಲರಿಗೂ ಒಟ್ಟಿಗೆ ಕೊಟ್ಟಾಯಿತು.”

“ಆ ದೊಡ್ಡ ಮನುಷ್ಯರ ಹೆಸರು ಅಷ್ಟು ಸಲ ಹೇಳಿದರಲ್ಲೋ” ಎಂದರು. ಅವರ ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಲೆಕ್ಕ ಅರ್ಥವಾಗದವರ ಆಶ್ಚರ್ಯ, ಅಷ್ಟೆ.

ಲೆಕ್ಕವನ್ನು ನಾನು ಮನೆಗೆ ಬಂದು ಮಾಡಿದೆ. ಅಂದು ಪದವಿ ಪಡೆದವರು 420 ಮಂದಿ. ಸಾಲಾಗಿ ನಡೆದುಬರುವಾಗ ಒಂದು ಹೆಸರಿಗೆ 5 ಸೆಕೆಂಡು ಹಿಡಿದರೆ 2,100 ಸೆಕೆಂಡು, ಅಂದರೆ 35 ನಿಮಿಷ. ಮೂರು ಪರಿಚಯಗಳಿಗೂ ಸೇರಿ 7 ನಿಮಿಷ ಬಿಟ್ಟಿದ್ದರೆ, ಅದೇ 42 ನಿಮಿಷದಲ್ಲಿ 420 ಮನೆಗಳ ಹೆಸರು ಆ ಸಭಾಂಗಣದಲ್ಲಿ ಕೇಳಿಸುತ್ತಿತ್ತು.

ಇಷ್ಟು ಹೇಳಿದ ಮೇಲೆ, ಇದು ಬರಿಯ ದೂರಾಗಬಾರದೆಂದು ಮೂಲ ಪ್ರಶ್ನೆಗೆ ಬರುತ್ತೇನೆ. ಘಟಿಕೋತ್ಸವದಲ್ಲಿ ಪರಿಚಯ ಭಾಷಣ ಇರುವುದು ಯಾರಿಗಾಗಿ?

ಮೊದಲು ಆ ಮಾತನ್ನೇ ನೋಡೋಣ. ತಮಿಳಿನಲ್ಲಿ ಈ ಸಮಾರಂಭಕ್ಕೆ ‘ಪಟ್ಟಮಳಿಪ್ಪು ವಿೞಾ’ ಎನ್ನುತ್ತಾರೆ. ಪದವಿ ಕೊಡುವ ಉತ್ಸವ ಎಂದು ನೇರ ಅರ್ಥ. ನಮ್ಮದು ಘಟಿಕೋತ್ಸವ. ‘ಘಟಿಕೆ’ ಎಂದರೆ ಹಿಂದಿನ ಕಾಲದ ವಿದ್ಯಾಕೇಂದ್ರ. ಘಟಿಕೆಗಳಲ್ಲೆಲ್ಲ ಹೆಸರಾದದ್ದು ಕಂಚಿಯ ಘಟಿಕೆ, ನಾವಿರುವ ಊರಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭಶಾಸನದ ಪ್ರಕಾರ, ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಬಂದು ಸೇರಿದ್ದು ಈ ಘಟಿಕೆಗೇ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ಓದು ಬಿಟ್ಟು ಕತ್ತಿ ಹಿಡಿದು, ನಾಲ್ಕನೆಯ ಶತಮಾನದಲ್ಲಿ ಕದಂಬ ರಾಜ್ಯವನ್ನೇ ಕಟ್ಟಿದ. ಕನ್ನಡ ನಾಡಿನ ಮೊದಲ ರಾಜಮನೆತನದ ಮೂಲಪುರುಷ ಹೀಗೆ ಓದು ಮುಗಿಸದೆ ಹಿಂತಿರುಗಿದ ವಿದ್ಯಾರ್ಥಿ! ಓದಿಗಾಗಿ ಈ ಸೀಮೆಗೆ ಬರುವುದು ನಮಗೆ ಅಷ್ಟು ಹಳೆಯ ರೂಢಿ.

ಹೊಸ ಕಾಲದಲ್ಲೂ ಹಾಗೆಯೇ. ಮದರಾಸು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1857ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ನಡುವಣ ಸುಮಾರು ಅರುವತ್ತು ವರ್ಷ ಮೈಸೂರು ಸೀಮೆಯವರಿಗೂ ಮದರಾಸಿನ ಪದವಿಯೇ ಗತಿ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರೂ 1881ರಲ್ಲಿ ಅವರು ಪಡೆದ ಬಿ.ಎ. ಮದರಾಸಿನದು. ಮಾಸ್ತಿಯವರ 1914ರ ಎಂ.ಎ.ಯೂ ಇಲ್ಲಿಯದೇ. ಮೈಸೂರಿನ ಮೊದಲ ಘಟಿಕೋತ್ಸವ ನಡೆದಾಗ, 1918ರಲ್ಲಿ, ಭಾಷಣಕ್ಕೆ ಕಲ್ಕತ್ತೆಯಿಂದ ಸರ್ ಅಶುತೋಷ್ ಮುಖರ್ಜಿಯವರನ್ನು ಕರೆಸಿದರು.

ಇಲ್ಲಿಯೇ ಪರಿಚಯದ ಅಗತ್ಯ ಹುಟ್ಟುತ್ತದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಓದು ಮುಗಿಸಿದ ಶಿಷ್ಯನಿಗೆ ಗುರು ಹೇಳುವ ಅನುಶಾಸನವನ್ನು ನಮ್ಮ ಎಷ್ಟೋ ವಿಶ್ವವಿದ್ಯಾನಿಲಯಗಳು ಘಟಿಕೋತ್ಸವಕ್ಕೆ ಮಾದರಿಯಾಗಿ ಇಟ್ಟುಕೊಂಡಿವೆ. ಅಲ್ಲಿ ಯಾರೂ ಯಾರನ್ನೂ ಪರಿಚಯಿಸುವುದಿಲ್ಲ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಉಂಡು ಮಲಗಿದ ಗುರುಶಿಷ್ಯರಿಗೆ ಪರಿಚಯವೇಕೆ? ಹೇಳುವವರು ಹೊರಗಿನಿಂದ ಬಂದಾಗ ಮಾತ್ರ ಮೂರನೆಯವರೊಬ್ಬರು ಎದ್ದು, ‘ಇವರು ಇಂಥವರು, ಇವರ ಮಾತನ್ನು ನೀವು ಕೇಳಬೇಕಾದ ಕಾರಣ ಇದು’ ಎಂದು ತಿಳಿಸಬೇಕಾಗುತ್ತದೆ. ಪರಿಚಯದ ಕೆಲಸ ಅಷ್ಟೇ. ಅದು ಕೇಳುವವರಿಗೆ ಮಾಡುವ ಸೇವೆ. ಅತಿಥಿಗೆ ಸಲ್ಲಿಸುವ ಸೇವೆ ಬೇರೆ. ಅದಕ್ಕೆ ಹಾರ ಇದೆ, ಶಾಲು ಇದೆ, ಹಣ್ಣಿನ ಬುಟ್ಟಿ ಇದೆ, ಬಿನ್ನವತ್ತಳೆಯೂ ಇದೆ.

ಈ ಭೇದವನ್ನು ನಮ್ಮ ಹಳ್ಳಿಯ ಆಟದವರು ಎಂದೋ ಬಲ್ಲರು. ಬಯಲಾಟದಲ್ಲಿ ರಾಜವೇಷ ಕುಣಿಯುತ್ತ ರಂಗಕ್ಕೆ ಬಂದೊಡನೆ ಸಾರಥಿ ಮುಂದೆ ಬಂದು, ತಾವು ಯಾರು, ತಮ್ಮ ಸ್ಥಳ ಯಾವುದು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಬಂದವರು ಯಾರೆಂದು ಸಾರಥಿಗೆ ಗೊತ್ತಿಲ್ಲವೇ? ಚೌಕಿಯಲ್ಲಿ ಜೊತೆಗೇ ಬಣ್ಣ ಹಚ್ಚಿಕೊಂಡವನು! ಆದರೂ ಕೇಳುತ್ತಾನೆ, ಚಾಪೆಯ ಮೇಲೆ ಕುಳಿತ ಜನರ ಪರವಾಗಿ. ಅವನ ಮೂರು ಪ್ರಶ್ನೆಗಳೂ ಜನರು ಕೇಳಬಹುದಾದವು. ನಮ್ಮ ಪರಿಚಯಕಾರರು ಮೊದಲಿನ ಎರಡಕ್ಕೆ ಹದಿನೇಳು ನಿಮಿಷ ಉತ್ತರ ಕೊಡುತ್ತಾರೆ. ಮೂರನೆಯದನ್ನು, ಈ ದಿನ ಈ ಮಕ್ಕಳ ಮುಂದೆ ಇವರೇ ಏಕೆ ಎಂಬುದನ್ನು, ಮುಟ್ಟುವುದೇ ಇಲ್ಲ.

ಒಳ್ಳೆಯ ಪರಿಚಯಕ್ಕೆ ಉದಾಹರಣೆ ಕೇಳಿದರೆ ಹೊರದೇಶದ ಒಂದನ್ನು ಹೇಳಬೇಕು. 1947ರ ಜೂನ್ 5ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯ ಜನರಲ್ ಜಾರ್ಜ್ ಮಾರ್ಷಲ್ ಅವರಿಗೆ ಗೌರವ ಪದವಿ ಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಮುಖ್ಯಸ್ಥರಾಗಿದ್ದು, ಆಗ ವಿದೇಶಾಂಗ ಮಂತ್ರಿಯಾಗಿದ್ದವರು. ಅವರ ಸೇವಾ ವಿವರ ಓದಲು ಕುಳಿತರೆ ಒಂದು ಹಗಲು ಸಾಲದು. ಅಧ್ಯಕ್ಷ ಕೋನಂಟ್ ಓದಿದ್ದು ಒಂದೇ ವಾಕ್ಯ: ದೇಶದ ಸ್ವಾತಂತ್ರ್ಯ ಇವರಿಗೆ ಋಣಿ, ಯೋಗ್ಯತೆಯಲ್ಲೂ ನಡತೆಯಲ್ಲೂ ಇವರಿಗೆ ಹೋಲಿಕೆ ಈ ರಾಷ್ಟ್ರದ ಚರಿತ್ರೆಯಲ್ಲಿ ಒಬ್ಬರೇ ಎಂಬ ಅರ್ಥದ್ದು. ಆ ಒಬ್ಬರು ಯಾರೆಂದು ಹೇಳಲೂ ಇಲ್ಲ. ಜಾರ್ಜ್ ವಾಷಿಂಗ್ಟನ್ನರ ಹೆಸರು ಕೇಳುವವರ ಮನಸ್ಸಿನಲ್ಲಿ ತಾನೇ ಮೂಡಿತು. ಅದೇ ದಿನ ಮಾರ್ಷಲ್ ಕಾಲು ಗಂಟೆಯೊಳಗೆ ಮುಗಿದ ಭಾಷಣದಲ್ಲಿ ಯುರೋಪಿನ ಪುನರುಜ್ಜೀವನದ ವಿಚಾರ ಮುಂದಿಟ್ಟರು. ಮುಂದೆ ಸುಮಾರು 1,300 ಕೋಟಿ ಡಾಲರುಗಳ ‘ಮಾರ್ಷಲ್ ಯೋಜನೆ’ಯಾದದ್ದು ಅದೇ. ಪರಿಚಯ ಚಿಕ್ಕದಾದ್ದರಿಂದ ಅತಿಥಿಯ ಗೌರವ ಕುಗ್ಗಿತೆಂದು ಯಾರೂ ಹೇಳಿಲ್ಲ.

ಇದಕ್ಕೆ ಪಕ್ಕದಲ್ಲಿಟ್ಟು ನೋಡತಕ್ಕದ್ದು ನಮ್ಮ ದೇಶದ್ದೇ ಒಂದು. 1940ರ ಆಗಸ್ಟ್ 7ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವೇ ಶಾಂತಿನಿಕೇತನಕ್ಕೆ ಬಂದು ರವೀಂದ್ರನಾಥ ಠಾಕೂರರಿಗೆ ಡಾಕ್ಟರೇಟ್ ಕೊಟ್ಟಿತು. ಆಕ್ಸ್‌ಫರ್ಡಿನ ಪರವಾಗಿ ಬಂದವರು ಸರ್ ಮಾರಿಸ್ ಗ್ವಯರ್ ಮತ್ತು ನಮ್ಮ ರಾಧಾಕೃಷ್ಣನ್. ಸಂಪ್ರದಾಯದಂತೆ ಪ್ರಶಸ್ತಿ ವಾಚನ ಲ್ಯಾಟಿನ್ ಭಾಷೆಯಲ್ಲಿ ನಡೆಯಿತು. ಕವಿಗಳು ಸಂಸ್ಕೃತದಲ್ಲಿ ಉತ್ತರ ಕೊಟ್ಟರು. ಎರಡು ಪ್ರಾಚೀನ ಭಾಷೆಗಳು ಎದುರುಬದುರು ನಿಂತ ಆ ಗಾಂಭೀರ್ಯಕ್ಕೆ ತಲೆಬಾಗುತ್ತೇನೆ. ಆದರೂ ವಿಮರ್ಶೆಯ ಕಣ್ಣಿಂದ ನೋಡಿದರೆ ಅದು ಪರಿಚಯವಲ್ಲ, ಪೂಜೆ. ಪೂಜೆಯಲ್ಲಿ ಮಂತ್ರ ಎಲ್ಲರಿಗೂ ಅರ್ಥವಾಗಬೇಕೆಂದಿಲ್ಲ, ಪರಿಚಯದಲ್ಲಿ ಅರ್ಥವಾಗಲೇಬೇಕು. ನಮ್ಮ ತೊಂದರೆಯೆಂದರೆ, ಪೂಜೆಯನ್ನು ಪರಿಚಯವೆಂದು ಕರೆದು, ಮಂತ್ರದ ಬದಲು ಬಯೋಡೇಟಾ ಓದುವುದು.

ರಾಧಾಕೃಷ್ಣನ್ನರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ತಿರುತ್ತಣಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಓದಿ, 1918ರಿಂದ ಮೈಸೂರಿನಲ್ಲಿ ಪಾಠ ಹೇಳಿದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಮುಂದೆ ರಾಷ್ಟ್ರಪತಿಗಳಾದ ಅವರನ್ನು ಎಷ್ಟು ಸಭೆಗಳಲ್ಲಿ ಎಷ್ಟು ಮಂದಿ ಪರಿಚಯಿಸಿದರೋ, ಒಂದೂ ಜನರ ನೆನಪಿನಲ್ಲಿಲ್ಲ. ಆ ಗಾಡಿ ಇಂದಿಗೂ ನೆನಪಿದೆ. ವಿದ್ಯಾರ್ಥಿಗಳ ಸಭೆಯಲ್ಲಿ ಅವರನ್ನು ಪರಿಚಯಿಸಲು ಆ ಒಂದು ಸಂಗತಿ ಸಾಕಾಗುತ್ತಿತ್ತು.

ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ. ಸರ್ ಪದವಿ, ದಿವಾನಗಿರಿ, 1955ರ ಭಾರತರತ್ನ, ಇವು ಎಲ್ಲರಿಗೂ ಗೊತ್ತು. ಘಟಿಕೋತ್ಸವದ ಹುಡುಗರಿಗೆ ಹೇಳಬೇಕಾದದ್ದು, ಇವರು ಮನೆಪಾಠ ಹೇಳಿ ಓದಿನ ಖರ್ಚು ನಿಭಾಯಿಸಿಕೊಂಡು ಬಿ.ಎ. ಮಾಡಿದವರು ಎಂಬ ಒಂದೇ ಮಾತು. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಮರಿಯಪ್ಪ ಭಟ್ಟರನ್ನು ನಮ್ಮ ಮಕ್ಕಳಿಗೆ ಪರಿಚಯಿಸಬೇಕಾದರೂ ಹಾಗೆಯೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ ನಿಘಂಟನ್ನು ಪರಿಷ್ಕರಿಸಿ, ಬೆಳೆಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದವರು ಇವರು. ಅದನ್ನು ಪ್ರಕಟಿಸಿದ್ದು ಇದೇ ಊರಿನ ವಿಶ್ವವಿದ್ಯಾನಿಲಯ. ಇಷ್ಟು ಹೇಳಿ ಕುಳಿತರೆ, ಕಡಲ ದಂಡೆಯ ಆ ಕಟ್ಟಡದ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ಕನ್ನಡದ ಹುಡುಗ ಒಮ್ಮೆಯಾದರೂ ತಲೆ ಎತ್ತಿ ನೋಡುತ್ತಾನೆ.

ಹಾಗಾದರೆ ವಿದ್ವಾಂಸರೇ ಆದ ಪ್ರಾಧ್ಯಾಪಕರು ಏಕೆ ಹೀಗೆ ಮಾಡುತ್ತಾರೆ? ಅವರನ್ನು ನಾನು ಹಳಿಯಲಾರೆ. ಇಪ್ಪತ್ತು ವರ್ಷಕ್ಕೂ ಮೀರಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ನೋಡಿದವನಾಗಿ ಕಾರಣ ಬಲ್ಲೆ. ಅತಿಥಿಯ ಕಚೇರಿಯಿಂದ ನಾಲ್ಕು ಪುಟ ಬರುತ್ತದೆ. ಅದರಲ್ಲಿ ಒಂದು ಸಮಿತಿಯ ಹೆಸರು ಬಿಟ್ಟುಹೋದರೆ, ‘ಏಕೆ ಬಿಟ್ಟಿರಿ’ ಎಂದು ಮೇಲಿನವರು ಕೇಳುತ್ತಾರೆ. ಹೆಚ್ಚು ಓದಿದ್ದಕ್ಕೆ ಯಾರಿಗೂ ಮೆಮೊ ಬಂದದ್ದಿಲ್ಲ. ಬಿಟ್ಟರೆ ತಪ್ಪು, ಬೆಳೆಸಿದರೆ ತಪ್ಪಲ್ಲ ಎಂಬ ವ್ಯವಸ್ಥೆಯಲ್ಲಿ ಬಡ ನೌಕರ ಬೆಳೆಸುತ್ತಲೇ ಹೋಗುತ್ತಾನೆ. ಕೇಳಿ ಬಳಲುವವರು ಮೆಮೊ ಕೊಡುವ ಅಧಿಕಾರ ಇಲ್ಲದವರು. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟರು ಒಂದು ಮಾತು ಹೇಳುತ್ತಿದ್ದರು: ಸಾಧಾರಣ ಅಳತೆಪಟ್ಟಿಯಿಂದ ಅಳೆದು, ಭಾಗಿಸಿ, ಉತ್ತರಕ್ಕೆ ದಶಾಂಶದ ಮುಂದೆ ಆರು ಅಂಕಿ ಬರೆದರೆ ಅಳತೆ ನಿಖರವಾಗುವುದಿಲ್ಲ; ಬರೆದವನಿಗೆ ಅಳತೆ ತಿಳಿಯದೆಂದು ಗೊತ್ತಾಗುತ್ತದೆ. ಪರಿಚಯದಲ್ಲೂ ಅರ್ಥವುಳ್ಳ ಅಂಕಿಗಳು ಎರಡೋ ಮೂರೋ.

ಇನ್ನೊಬ್ಬರ ತಪ್ಪು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಅತಿಥಿಗಳೊಬ್ಬರನ್ನು ಪರಿಚಯಿಸುವ ಭಾಗ್ಯ ನನಗೆ ಬಂದಿತ್ತು. ಎರಡು ರಾತ್ರಿ ಕುಳಿತು ಫುಲ್‌ಸ್ಕೇಪ್ ಹಾಳೆ ಮೂರು ತುಂಬಿಸಿದೆ. ‘ಸಾರಸ್ವತ ಲೋಕದ ಧ್ರುವತಾರೆ’ ಎಂದೂ ಬರೆದೆ. ಬೇರೊಬ್ಬರು ಬರೆದ ಕಾದಂಬರಿಯೊಂದನ್ನು ಅವರ ಹೆಸರಿಗೆ ಹಚ್ಚಿದೆ. ಎರಡನೆಯ ಹಾಳೆ ತಿರುವುವಾಗ ಆ ಹಿರಿಯರು ಮೆಲ್ಲನೆ, “ಇನ್ನೂ ಇದೆಯೇ?” ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅಂದು ನಕ್ಕವರಲ್ಲಿ ಹಲವರು ಈ ಪುಟವನ್ನೂ ಓದುತ್ತಿದ್ದೀರಿ. ಆ ಸಂಜೆಯೂ ಬಹುಮಾನ ಪಡೆಯಲು ಜರಿ ಲಂಗ ತೊಟ್ಟು ಕುಳಿತಿದ್ದ ಮಕ್ಕಳು, ಅವರ ಸರದಿ ಬರುವ ಹೊತ್ತಿಗೆ ತಾಯಂದಿರ ತೊಡೆಯ ಮೇಲೆ ನಿದ್ದೆ ಹೋಗಿದ್ದರು. ಅಂದಿನ ನನ್ನ ಮೂರು ಹಾಳೆಗೂ ಮೊನ್ನೆಯ 42 ನಿಮಿಷಕ್ಕೂ ಭೇದವೇನಿಲ್ಲವೆಂದು, ಕೇಳುವವರ ಸಾಲಿನಲ್ಲಿ ಕುಳಿತಾಗಲೇ ನನಗೆ ತಿಳಿದದ್ದು.

ಆದ್ದರಿಂದ ಒಂದೆರಡು ಸೂಚನೆ. ಅತಿಥಿಯ ಸಂಪೂರ್ಣ ವಿವರ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಲಿ; ಬೇಕಾದವರು ಓದಿಕೊಳ್ಳುತ್ತಾರೆ. ಮೈಕಿನ ಮುಂದೆ ಎರಡು ನಿಮಿಷ ಸಾಕು. ಅದರಲ್ಲಿ ಅತಿಥಿಯ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಬೇಕು, ಅವರು ಮಾಡಿದ ಒಂದು ಕೆಲಸವನ್ನು ಹೇಳಬೇಕು, ಆ ಕೆಲಸಕ್ಕೂ ಎದುರಿಗೆ ಕುಳಿತವರಿಗೂ ಇರುವ ಸಂಬಂಧವನ್ನು ತೋರಿಸಬೇಕು. ಧ್ರುವತಾರೆ ಮುಂತಾದ ಆಕಾಶಕಾಯಗಳನ್ನು ಅವುಗಳ ಸ್ಥಳದಲ್ಲೇ ಬಿಡುವುದು ಒಳ್ಳೆಯದು. ಎಲ್ಲಕ್ಕೂ ಮಿಗಿಲಾಗಿ, ಯಾರ ಹಬ್ಬವೋ ಅವರ ಹೆಸರು ಮೊದಲು.

ವಿಶ್ವವಿದ್ಯಾನಿಲಯಗಳು ಗುಮಾಸ್ತನೊಬ್ಬನ ಮಾತು ಕೇಳುತ್ತವೆಂಬ ಭ್ರಮೆ ನನಗಿಲ್ಲ. ನಮ್ಮ ಸಂಘ ಕೇಳಬಹುದು. ಪ್ರತಿವರ್ಷ ನಾವು ಹತ್ತನೆಯ, ಹನ್ನೆರಡನೆಯ ತರಗತಿಗಳಲ್ಲಿ ತೇರ್ಗಡೆಯಾದ ಕನ್ನಡದ ಮಕ್ಕಳಿಗೆ ಬಹುಮಾನ ಕೊಡುತ್ತೇವೆ. ಬರುವ ರಾಜ್ಯೋತ್ಸವದಲ್ಲಿ ಪ್ರಾರ್ಥನೆಯಾದೊಡನೆ, ಅತಿಥಿಗಳ ಪರಿಚಯಕ್ಕೂ ಮುಂಚೆ, ಆ ಮಕ್ಕಳ ಹೆಸರನ್ನು ತಂದೆತಾಯಿಯರ ಹೆಸರಿನೊಡನೆ ಓದಬೇಕೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ಅತಿಥಿಗಳ ಪರಿಚಯವನ್ನು ಮತ್ತೆ ನನಗೇ ಒಪ್ಪಿಸಿದರೆ ಎರಡು ನಿಮಿಷದಲ್ಲಿ ಮುಗಿಸುವ ಭರವಸೆಯನ್ನೂ ಈ ಮೂಲಕ ಬರಹದಲ್ಲಿ ಕೊಡುತ್ತಿದ್ದೇನೆ.

ಘಟಿಕೋತ್ಸವದ ಆ ಸಂಜೆ ಮನೆಯಲ್ಲಿ ಕೊಬ್ಬರಿ ಹೋಳಿಗೆಯಾಗಿತ್ತು. ಬಾಡಿಗೆಯ ಗೌನು ಹಿಂತಿರುಗಿಸಲು ಮರುದಿನ ಮಧ್ಯಾಹ್ನದವರೆಗೆ ಅವಕಾಶವಿತ್ತು. ನನ್ನ ತಾಯಿ ಮೊಮ್ಮಗಳಿಗೆ ಮತ್ತೊಮ್ಮೆ ಅದನ್ನು ತೊಡಿಸಿ, ದೇವರ ಮುಂದೆ ನಿಲ್ಲಿಸಿ, ನಮ್ಮ ಊರಿನ ಹೆಸರು, ತಮ್ಮ ಯಜಮಾನರ ಹೆಸರು, ನನ್ನ ಹೆಸರು, ನನ್ನ ಹೆಂಡತಿಯ ಹೆಸರು ಎಲ್ಲವನ್ನೂ ಹೇಳಿ, ಕೊನೆಗೆ ಹುಡುಗಿಯ ಹೆಸರನ್ನು ಪಕ್ಕದ ಮನೆಗೂ ಕೇಳುವಂತೆ ಕೂಗಿದರು. ಬೆಳಿಗ್ಗೆ ಪಾಸು ಸಿಗದೆ ಉಳಿದಿದ್ದ ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಅಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.